ಮೇಜಿನ ಕೆಳಗಿನ ಕಬ್ಬಿಣದ ಡಬ್ಬಿ

ನನ್ನ ಸೋದರಮಾವನ ಮೇಜಿನ ಕೆಳಗೆ ಒಂದು ಕಬ್ಬಿಣದ ಡಬ್ಬಿ ಇತ್ತು. ಬೂದು ಬಣ್ಣ, ಎತ್ತಿದರೆ ಆರೇಳು ಕಿಲೋ ಭಾರ. ಒಂದು ಕಡೆಯಿಂದ ಹೊರಟ ವೈರು ಗೋಡೆಯ ಪ್ಲಗ್ಗಿಗೆ ಹೋಗುತ್ತಿತ್ತು, ಇನ್ನೊಂದು ಕಡೆ ಚಪ್ಪಟೆ ಕಾಲಿನ ಪಿನ್ನು ಹಿಡಿಯುವ ಸಾಕೆಟ್ಟು. ಮಾವ ತೀರಿಕೊಂಡ ಮೇಲೆ ಚಾಮರಾಜಪೇಟೆಯ ಆ ಮನೆಯಿಂದ ಮೊದಲು ಹೊರಗೆ ಹೋದದ್ದು ಅದೇ. ವೈಕುಂಠ ಸಮಾರಾಧನೆ ಮುಗಿದು ನಾಲ್ಕು ದಿನವಾಗಿತ್ತು. ಹಳೇ ಪೇಪರಿಗೆಂದು ಬಂದ ಗುಜರಿಯವನು ಡಬ್ಬಿಯನ್ನು ಕಾಲಿನಿಂದ ಸ್ವಲ್ಪ ಸರಿಸಿ ನೋಡಿ, "ಒಳಗೆ ತಾಮ್ರ ಇದೆ ಸಾರ್, ಕೊಡ್ತೀರಾ?" ಎಂದ. ತೂಕ ಹಾಕಿದ, ದುಡ್ಡು ಕೊಟ್ಟ, ಒಯ್ದ.

ಮರುದಿನ ಮಾವನ ಮಗ, ಅಮೆರಿಕಕ್ಕೆ ವಾಪಸು ಹೋಗುವ ಮೊದಲು ಅಪ್ಪನ ಸ್ಪೂಲ್ ಟೇಪ್ ರೆಕಾರ್ಡರನ್ನು ಒಂದು ಸಲ ಹಾಕಿ ಕೇಳೋಣ ಅಂದ. ಚಪ್ಪಟೆ ಪಿನ್ನಿಗೆ ಅಡಾಪ್ಟರ್ ಸಿಕ್ಕಿಸಿ, ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿದ. ಮುಂಭಾಗದ ಹಳದಿ ದೀಪ ಒಂದು ಕ್ಷಣ ಬೆಳ್ಳಗೆ ಉರಿಯಿತು. ಆಮೇಲೆ ಗುಂಯ್ ಎನ್ನುವ ಸದ್ದು, ಸುಟ್ಟ ವಾರ್ನಿಷಿನ ವಾಸನೆ. ಅತ್ತೆ ಅಡುಗೆಮನೆಯಿಂದ ಓಡಿ ಬಂದು ಸ್ವಿಚ್ ಆರಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಆ ಡಬ್ಬಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ನಮ್ಮ ಮನೆಗಳಿಗೆ ಬರುವುದು 230 ವೋಲ್ಟು, ಅಮೆರಿಕದ ಮನೆಗಳಿಗೆ 120. ಮಾವ 1972ರಲ್ಲಿ ಅಲ್ಲಿ ತರಬೇತಿ ಮುಗಿಸಿ ಬರುವಾಗ ತಂದ ಯಂತ್ರ ಅಲ್ಲಿಯ ವೋಲ್ಟೇಜಿಗೆಂದೇ ಮಾಡಿದ್ದು. ನಲವತ್ತು ವರ್ಷಕ್ಕೂ ಮಿಕ್ಕಿ ಆ ಡಬ್ಬಿ ಗೋಡೆಗೂ ಯಂತ್ರಕ್ಕೂ ನಡುವೆ ಕೂತು ಅದನ್ನು ಕಾಪಾಡಿತ್ತು. ಮಗ ಇಂಜಿನಿಯರು. ನಾನು ಆ ಮನೆಯಲ್ಲೇ ಎಷ್ಟೋ ಭಾನುವಾರ ಸಂಗೀತ ಕೇಳಿ ಬೆಳೆದವನು. ಅತ್ತೆ ದಿನಾ ಅದರ ಧೂಳು ಒರೆಸಿದವರು. ಅದೇನೆಂದು ನಮ್ಮಲ್ಲಿ ಯಾರೂ ಒಂದು ದಿನವೂ ಕೇಳಿರಲಿಲ್ಲ.

ಧ್ವನಿಯ ಗೀಳು ಹಿಡಿದವರು ಹೋದ ಮೇಲೆ ಅವರ ಸಾಮಾನಿಗೆ ಏನಾಗುತ್ತದೆ ಎಂಬುದನ್ನು ನಾನು ಆಮೇಲೆ ಹಲವು ಮನೆಗಳಲ್ಲಿ ನೋಡಿದೆ. ಎಲ್ಲ ಕಡೆ ಮೊದಲು ಕಳೆದುಹೋಗುವುದು ಅದನ್ನು ನಡೆಸುವ ವಿದ್ಯೆ. ಯಾವ ವೈರು ಎಲ್ಲಿಗೆ, ಯಾವ ಗುಬುಟು ಮುಟ್ಟಬಾರದು, ಯಾವ ಸ್ಪೀಕರಿನ ಎಡ ಬಲ ಅದಲುಬದಲಾಗಿದೆ, ಯಾವ ಸ್ವಿಚ್ಚನ್ನು ಎರಡು ಸಲ ಒತ್ತಬೇಕು. ಇದೆಲ್ಲ ಒಬ್ಬರ ಬೆರಳ ತುದಿಯಲ್ಲಿತ್ತು. ಅವರು ಹೋದ ದಿನ, ಇಷ್ಟು ದಿನ ಹಾಡುತ್ತಿದ್ದದ್ದು ಬರೀ ತೂಕದ ಸಾಮಾನಾಗುತ್ತದೆ.

ತೂಕದ ಸಾಮಾನೆಂದರೆ ಗುಜರಿಯ ಲೆಕ್ಕ. ಟ್ರಾನ್ಸ್‌ಫಾರ್ಮರಿನ ತಾಮ್ರ, ಹೀಟ್‌ಸಿಂಕಿನ ಅಲ್ಯುಮಿನಿಯಂ, ಸ್ಪೀಕರಿನ ಹಿಂದಿನ ಅಯಸ್ಕಾಂತ. ಮರದ ಪೆಟ್ಟಿಗೆಗೆ ಬೆಲೆಯೇ ಇಲ್ಲ. ಇನ್ನು ಹಳೆ ಸಾಮಾನು ಕೊಳ್ಳುವ ವ್ಯಾಪಾರಿ ಬಂದರೆ ಕೋಣೆಯನ್ನೆಲ್ಲ ಒಂದು ಸಲ ಕಣ್ಣಲ್ಲೇ ಅಳೆದು, ಒಂದೋ ಎರಡೋ ವಸ್ತುವಿಗೆ ಬೆಲೆ ಕಟ್ಟುತ್ತಾನೆ: ವಾಲ್ವ್ ಆಂಪ್ಲಿಫೈಯರ್, ಒಳ್ಳೆಯ ಟರ್ನ್‌ಟೇಬಲ್ಲು, ಓಡುವ ಸ್ಥಿತಿಯಲ್ಲಿರುವ ಸ್ಪೂಲ್ ಯಂತ್ರ. ಉಳಿದದ್ದು, ಅಂದರೆ ತೊಂಬತ್ತರ ದಶಕದ ದೊಡ್ಡ ಮ್ಯೂಸಿಕ್ ಸಿಸ್ಟಮ್ಮು, ಕ್ಯಾಸೆಟ್ ಡೆಕ್ಕು, ಆಳೆತ್ತರದ ಸ್ಪೀಕರು, ಅವನಿಗೆ ಬೇಡ. ಮನೆಯವರು ಅದನ್ನು ಅಟ್ಟಕ್ಕೆ ಏರಿಸುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಸುತ್ತಮುತ್ತ, ಚಿಕ್ಕಪೇಟೆಯ ಕಡೆಯ ಸಂಡೇ ಬಜಾರಿನಲ್ಲಿ ಓಡಾಡಿದವರಿಗೆ ಇದರ ಕೊನೆ ಗೊತ್ತು: ಗೋಣಿಚೀಲದ ಮೇಲೆ ಒಂಟಿ ಸ್ಪೀಕರು, ಮುಚ್ಚಳವಿಲ್ಲದ ರೆಕಾರ್ಡ್ ಪ್ಲೇಯರು, ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲಿ ವಾಲ್ವುಗಳ ರಾಶಿ.

ಹಣದ ವಿಷಯಕ್ಕೆ ಬಂದರೆ ಅತಿ ದೊಡ್ಡ ಉದಾಹರಣೆ ಅಮೆರಿಕದ ವರ್ಜೀನಿಯಾದ್ದು. ರಿಚ್ಮಂಡಿನ ಕೆನ್ ಫ್ರಿಟ್ಜ್ ಸುಮಾರು 27 ವರ್ಷ ಕೂತು ಜಗತ್ತಿನ ಅತ್ಯುತ್ತಮ ಸ್ಟೀರಿಯೊ ಕಟ್ಟಲು ಹೊರಟರು. ಸ್ಪೀಕರು, ಟರ್ನ್‌ಟೇಬಲ್ಲುಗಳನ್ನು ಸ್ವತಃ ಮಾಡಿದರು. ಸಂಗೀತ ಕೇಳಲೆಂದೇ ಮನೆಗೆ ಒಂದು ಸಭಾಂಗಣದಂಥ ಕೋಣೆಯನ್ನು ಸೇರಿಸಿದರು. ಒಟ್ಟು ಖರ್ಚು ಹತ್ತು ಲಕ್ಷ ಡಾಲರಿನಷ್ಟು ಎಂದು ಅಂದಾಜು. 2022ರಲ್ಲಿ ಅವರು ತೀರಿಕೊಂಡರು. ಹರಾಜಿನಲ್ಲಿ ಎಲ್ಲಕ್ಕೂ ಸೇರಿ ಬಂದದ್ದು 1,56,800 ಡಾಲರ್. ಇದನ್ನು ಓದಿದವರು ಅಯ್ಯೋ ಎಂದರು. ನನಗೆ ಹಾಗನ್ನಿಸಲಿಲ್ಲ. ಆ ಸ್ಪೀಕರುಗಳು ಆ ಕೋಣೆಗೆಂದೇ, ಆ ಗೋಡೆಗಳ ಅಳತೆಗೆಂದೇ, ಒಬ್ಬರ ಕಿವಿಗೆಂದೇ ಮಾಡಿದವು. ದೇವಸ್ಥಾನದಿಂದ ಕಂಬವೊಂದನ್ನು ಕಿತ್ತು ತಂದು ಇನ್ನೊಂದು ಕಡೆ ನಿಲ್ಲಿಸಿದರೆ ಅದು ಎಷ್ಟರ ಕಂಬ? ಫ್ರಿಟ್ಜ್ ಕೊಂಡದ್ದು ಸಾಮಾನನ್ನಲ್ಲ, ಅಷ್ಟು ವರ್ಷದ ಕೇಳ್ಮೆಯನ್ನು. ಅದು ಅವರಿಗೆ ಸಂದಿತ್ತು. ಮನೆಯವರು ಹಾಕಿದ ದುಡ್ಡು ವಾಪಸು ಬರಲೆಂದು ಕಾದರೆ ನಿರಾಶೆಯೇ ಗತಿ. ಅದರ ಬದಲು ಕೇಳಬೇಕಾದ ಪ್ರಶ್ನೆ, ಈ ಮನೆಯಲ್ಲಿ ಬೇರೆಲ್ಲೂ ಸಿಗದಂಥದ್ದು ಏನಿದೆ ಎಂಬುದು.

ಯಂತ್ರ ಎಷ್ಟೇ ಅಪರೂಪದ್ದಾದರೂ ಕಾರ್ಖಾನೆಯಲ್ಲಿ ಸಾವಿರಾರು ತಯಾರಾದದ್ದು. ಲಾಂಗ್‌ಪ್ಲೇ ರೆಕಾರ್ಡೂ ಹಾಗೆಯೇ. ಬೇರೆಲ್ಲೂ ಇಲ್ಲದ್ದು ಎಂದರೆ ಮಾವನಂಥವರು ಸ್ವತಃ ರೆಕಾರ್ಡ್ ಮಾಡಿಕೊಂಡ ಟೇಪುಗಳು. ಶ್ರೀ ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಕಚೇರಿಗಳು ಮಾವನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಕೋಟೆ ಹೈಸ್ಕೂಲು ಮೈದಾನದಲ್ಲಿ. ಆ ಚಪ್ಪರದ ಒಂದು ಮೂಲೆಯಲ್ಲಿ, ಪರಿಚಯದ ಮೈಕಿನವನ ಪಕ್ಕದಲ್ಲಿ ಕೂತು ಹಿಡಿದದ್ದು, ಸಂಗೀತಗಾರರು ಯಾರದೋ ಮನೆಗೆ ಬಂದಾಗ ಹಾಡಿದ್ದು, ರೇಡಿಯೊದಲ್ಲಿ ಒಂದೇ ಸಲ ಬಂದು ಹೋದದ್ದು. ಇಂಥ ಟೇಪುಗಳು ಧಾರವಾಡದಲ್ಲಿ, ಮೈಸೂರಿನಲ್ಲಿ, ಶಿವಮೊಗ್ಗದಲ್ಲಿ, ಮುಂಬೈನ ಮಾಟುಂಗದ ಫ್ಲ್ಯಾಟುಗಳಲ್ಲಿ ಇಂದಿಗೂ ಬೀರುವಿನೊಳಗಿವೆ. ಕಚೇರಿಯಲ್ಲಿ ಮೂರು ಗಂಟೆ ಹಾಡಿದವರ ಹಾಡು ಮೂರು ನಿಮಿಷದ ಪ್ಲೇಟಿನಲ್ಲಿ ಸಿಗುವುದಿಲ್ಲ. ಅದು ಸಿಗುವುದು ಇಂಥ ಕಡೆ ಮಾತ್ರ.

ಆದರೆ ಮನೆ ಖಾಲಿ ಮಾಡುವಾಗ ಆಗುವುದು ಇದರ ತಿರುಗುಮುರುಗು. ಯಂತ್ರಕ್ಕೆ ಗಿರಾಕಿ ಇದ್ದಾನೆ, ಅದು ಮೊದಲ ವಾರವೇ ಮಾರಾಟವಾಗುತ್ತದೆ. ಟೇಪಿಗೆ ಗಿರಾಕಿ ಇಲ್ಲ, "ಆಮೇಲೆ ನೋಡೋಣ" ಎಂದು ಉಳಿಯುತ್ತದೆ. ಐದಾರು ವರ್ಷ ಕಳೆದು ಯಾರಿಗೋ ಕೇಳುವ ಮನಸ್ಸಾದಾಗ ಹಾಕಲು ಯಂತ್ರವಿಲ್ಲ. ಬೀಗ ಇಟ್ಟುಕೊಂಡು ಕೀಲಿಕೈ ಮಾರಿದ ಹಾಗೆ. ನಾನು ಕೈಮುಗಿದು ಹೇಳುವ ಮಾತು ಇದೊಂದೇ: ಟೇಪುಗಳಲ್ಲಿ ಏನಿದೆಯೆಂದು ಕೇಳಿ, ಕಂಪ್ಯೂಟರಿಗೆ ಇಳಿಸಿಕೊಳ್ಳುವವರೆಗೆ ಯಂತ್ರವನ್ನು ಮನೆಯ ಹೊಸಿಲು ದಾಟಿಸಬೇಡಿ.

ಇದು ಒಬ್ಬನ ಹಳಹಳಿಕೆಯಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು, ಮ್ಯಾಗ್ನೆಟಿಕ್ ಟೇಪಿನಲ್ಲಿರುವುದನ್ನು 2025ರೊಳಗೆ ಡಿಜಿಟಲ್‌ಗೆ ಇಳಿಸದಿದ್ದರೆ ಬಹುಪಾಲು ಕೈತಪ್ಪುತ್ತದೆ ಎಂದು. 2019ರಲ್ಲಿ ಯುನೆಸ್ಕೊ, ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘವಾದ ಐಎಎಸ್‌ಎ ಜತೆ ಸೇರಿ 'ಮ್ಯಾಗ್ನೆಟಿಕ್ ಟೇಪ್ ಅಲರ್ಟ್' ಎಂಬ ಯೋಜನೆ ಶುರುಮಾಡಿದಾಗಲೂ ಮುಂದಿಟ್ಟ ಗಡುವು 2025ರ ಆಸುಪಾಸಿನದೇ. ಕಾರಣ ಬರೀ ಟೇಪು ಹಾಳಾಗುವುದಲ್ಲ. ಅದನ್ನು ಓದುವ ಯಂತ್ರ, ಯಂತ್ರದ ಹೆಡ್ಡು, ಬಿಡಿಭಾಗ, ರಿಪೇರಿ ಬಲ್ಲವರು, ಎಲ್ಲ ಒಟ್ಟಿಗೇ ಇಲ್ಲವಾಗುತ್ತಿರುವುದು. ಆ ಗಡುವು ಈಗ ಬಂದಿದೆ.

ಟೇಪಿನ ಆಯಸ್ಸು ಅದು ಯಾವುದರಿಂದ ಮಾಡಿದ್ದು ಎಂಬುದರ ಮೇಲಿದೆ. ಹಳೆಯವು ಅಸಿಟೇಟಿನವು, ಆಮೇಲಿನವು ಪಾಲಿಯೆಸ್ಟರಿನವು. ಸ್ಪೂಲನ್ನು ಬೆಳಕಿಗೆ ಅಡ್ಡ ಹಿಡಿದರೆ ಅಸಿಟೇಟಿನ ಸುತ್ತುಗಳ ಮೂಲಕ ಬೆಳಕು ತೂರಿ ಬರುತ್ತದೆ, ಪಾಲಿಯೆಸ್ಟರಿನದು ಕಪ್ಪಗೆ ಕಾಣುತ್ತದೆ. ಡಬ್ಬಿ ತೆರೆದಾಗ ವಿನೆಗರಿನಂಥ ಹುಳಿ ವಾಸನೆ ಬಂದರೆ ಅಸಿಟೇಟ್ ಕೊಳೆಯಲು ಶುರುವಾಗಿದೆಯೆಂದು ಅರ್ಥ. ಅದನ್ನು ಬೇರೆ ಟೇಪುಗಳಿಂದ ದೂರ ಇಟ್ಟು, ಮೊದಲು ಅದನ್ನೇ ಇಳಿಸಬೇಕು. ಎಪ್ಪತ್ತು-ಎಂಬತ್ತರ ದಶಕದ ಕೆಲವು ಟೇಪುಗಳದು ಇನ್ನೊಂದು ರೋಗ. ಕಂದು ಬಣ್ಣದ ಆಕ್ಸೈಡನ್ನು ಹಿಡಿದಿಟ್ಟಿರುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಟೇಪು ಹೆಡ್ಡಿಗೆ ಕಚ್ಚಿಕೊಂಡು ಕಿರುಗುಡುತ್ತದೆ, ಧ್ವನಿ ಇರುವ ಪದರವೇ ಪುಡಿಯಾಗಿ ಉದುರುತ್ತದೆ. ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ತಾತ್ಕಾಲಿಕವಾಗಿ ಸರಿಮಾಡುವ ವಿಧಾನ ಪರಿಣತರಿಗೆ ಗೊತ್ತು. ಮನೆಯ ಓವನ್ನಿನಲ್ಲಿ ಅದನ್ನು ಮಾಡಲು ಹೋಗಬಾರದು, ಅಸಿಟೇಟಿಗಂತೂ ಅದು ಸಲ್ಲದೇ ಸಲ್ಲದು. ಮಲೆನಾಡು, ಕರಾವಳಿಯಲ್ಲಿ ಇದಕ್ಕೆಲ್ಲ ಮೊದಲು ಬೂಷ್ಟು ಬಂದಿರುತ್ತದೆ. ಹೊರಗೋಡೆಗೆ ತಾಗಿದ ಬೀರುವಿನಲ್ಲಿ, ಅಟ್ಟದ ಹೆಂಚಿನ ಕೆಳಗೆ ಟೇಪು ಇಡಬಾರದು. ಒಳಕೋಣೆಯಲ್ಲಿ, ಪುಸ್ತಕದಂತೆ ನಿಲ್ಲಿಸಿ ಇಟ್ಟರೆ ಅದಕ್ಕೆ ಹತ್ತು ವರ್ಷ ಹೆಚ್ಚು ಸಿಕ್ಕೀತು.

ಯಂತ್ರವೂ ಸುಮ್ಮನೆ ಕೂತಾಗಲೇ ಬೇಗ ಕೆಡುತ್ತದೆ. ರಬ್ಬರ್ ಬೆಲ್ಟು ಕರಗಿ ಡಾಂಬರಿನಂತಾಗಿ ಪುಲ್ಲಿಗೆ ಮೆತ್ತಿಕೊಳ್ಳುತ್ತದೆ. ಸ್ಪೀಕರಿನ ಕಾಗದದ ಸುತ್ತ ಇರುವ ಫೋಮು ಬೆರಳು ತಾಗಿದರೆ ಉದುರುತ್ತದೆ. ಕೆಪಾಸಿಟರು ಒಣಗುತ್ತದೆ. ಆದ್ದರಿಂದ ವರ್ಷಗಟ್ಟಲೆ ಮುಚ್ಚಿಟ್ಟದ್ದನ್ನು ನೇರ ಪ್ಲಗ್ಗಿಗೆ ಹಾಕುವುದು ತಪ್ಪು. ಹಳೆ ರೇಡಿಯೊ ರಿಪೇರಿಯವರ ಬಳಿ ಸೀರೀಸ್ ಬೋರ್ಡು ಇರುತ್ತಿತ್ತು: ಯಂತ್ರಕ್ಕೂ ಲೈನಿಗೂ ನಡುವೆ ಒಂದು ತಂತಿಬಲ್ಬು. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಜಗ್ಗನೆ ಉರಿದು ಕರೆಂಟನ್ನೆಲ್ಲ ತಾನು ತಾಳಿಕೊಳ್ಳುತ್ತದೆ, ಯಂತ್ರ ಉಳಿಯುತ್ತದೆ. ಮಾವನ ರೆಕಾರ್ಡರಿಗೆ ಆ ದಿನ ನಲವತ್ತು ರೂಪಾಯಿಯ ಒಂದು ಬಲ್ಬು ಸಾಕಿತ್ತು. ವಾಲ್ವ್ ಆಂಪ್ಲಿಫೈಯರನ್ನಂತೂ ಬಲ್ಲವರಲ್ಲದೆ ಯಾರೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಮುನ್ನೂರು, ನಾನೂರು ವೋಲ್ಟು ಉಳಿದಿರಬಹುದು. ಅದು ಜೀವಕ್ಕೆ ಅಪಾಯ.

ಗ್ರಾಮಫೋನ್ ಪ್ಲೇಟುಗಳ ವಿಷಯದಲ್ಲಿ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟು ಅರಗಿನದು. ನಮ್ಮ ದೇಶದ ಕಾಡಿನ ಅರಗಿನ ಹುಳುವಿನ ಅಂಟಿಗೆ ಕಲ್ಲಿನ ಪುಡಿ ಬೆರೆಸಿ ಒತ್ತಿದ್ದು. ಸ್ಪಿರಿಟ್ಟು ಹಚ್ಚಿ ಒರೆಸಿದರೆ ಧೂಳಿನ ಜತೆ ಹಾಡೂ ಕರಗಿ ಹೋಗುತ್ತದೆ. ಲಾಂಗ್‌ಪ್ಲೇಯ ಮುಳ್ಳನ್ನು ಅದರ ಮೇಲೆ ಇಡಬಾರದು, ಅದರ ಗೀರು ಎರಡು ಮೂರು ಪಟ್ಟು ಅಗಲ, ಅದಕ್ಕೆ ಬೇರೆ ಮುಳ್ಳೇ ಬೇಕು.

ಇಂಥ ಪ್ಲೇಟುಗಳಿಂದಲೇ ನಮ್ಮ ಧ್ವನಿ ಚರಿತ್ರೆ ಉಳಿದಿದೆ. 1902ರಲ್ಲಿ ಕೋಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನ್ ಅವರ ಹಾಡನ್ನು ಹಿಡಿದ. ಕೊನೆಗಾಲದಲ್ಲಿ ಮೈಸೂರು ಆಸ್ಥಾನಕ್ಕೆ ಬಂದ ಆಕೆ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆಕೆಯ ಧ್ವನಿ ಇಂದು ನಮಗೆ ಸಿಗುತ್ತಿದ್ದರೆ ಅದಕ್ಕೆ ದೊಡ್ಡ ಕಾರಣ ಮನೆಮನೆಯ ಸಂಗ್ರಾಹಕರು. ವಿಕ್ರಮ್ ಸಂಪತ್ ಬೆಂಗಳೂರಿನಲ್ಲಿ ಕಟ್ಟಿದ 'ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್', ಮುಂಬೈಯಲ್ಲಿ 1990ರಲ್ಲಿ ಶುರುವಾದ ರೆಕಾರ್ಡ್ ಸಂಗ್ರಾಹಕರ ಸಂಘ, ಇವೆಲ್ಲ ನಿಂತಿರುವುದು ಯಾರೋ ಗುಜರಿಗೆ ಹಾಕದೆ ಉಳಿಸಿದ್ದರ ಮೇಲೆ. ಗುರುಗ್ರಾಮದಲ್ಲಿ ಎಆರ್‌ಸಿಇ ಎಂಬ ಸಂಗೀತ ಸಂಗ್ರಹಾಲಯವಿದೆ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ 1982ರಲ್ಲಿ ಸ್ಥಾಪಿಸಿದ್ದು. ಸಂಶೋಧಕರು, ಸಂಗ್ರಾಹಕರು ಕೊಟ್ಟ ಧ್ವನಿಮುದ್ರಣಗಳನ್ನು ಹದವಾದ ತಂಪಿನಲ್ಲಿಟ್ಟು ಕಾಯುತ್ತಾರೆ.

ಇಂಥ ಸಂಸ್ಥೆಗಳ ಬಾಗಿಲು ತಟ್ಟುವಾಗ ಅವರು ಕೇಳುವ ಮೊದಲ ಪ್ರಶ್ನೆ "ಇದರಲ್ಲಿ ಏನಿದೆ?" ಎಂಬುದು. ಯಾರ ಹಾಡು, ಯಾವ ಊರು, ಯಾವ ದಿನ, ಪಕ್ಕವಾದ್ಯ ಯಾರದು. ಹೆಸರು ಬರೆಯದ ನೂರು ಟೇಪುಗಳಿಗಿಂತ ಪಟ್ಟಿಯಿರುವ ಹತ್ತು ಟೇಪು ಹೆಚ್ಚು ಎಂದು ನಾನು ಹೇಳುವುದು ಅದಕ್ಕೆ. ಕಾನೂನಿನ ಒಂದು ವಿಷಯವೂ ತಿಳಿದಿರಲಿ. ಟೇಪು ನಿಮ್ಮದಾದ ಮಾತ್ರಕ್ಕೆ ಅದರೊಳಗಿನ ಹಾಡು ನಿಮ್ಮದಾಗುವುದಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯಿದೆಯಲ್ಲಿ ಹಾಡಿದವರಿಗೆ, ನುಡಿಸಿದವರಿಗೆ 50 ವರ್ಷದ ಹಕ್ಕಿದೆ, ಪ್ರಕಟವಾದ ಧ್ವನಿಮುದ್ರಿಕೆಗಳಿಗೆ 60 ವರ್ಷ. ಮನೆಯಲ್ಲಿ ಕೇಳುವುದಕ್ಕೆ ಇಳಿಸಿಕೊಳ್ಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ. ಹಾಡಿದವರ ಮನೆಯವರನ್ನು ಹುಡುಕಿ ಒಂದು ಮಾತು ಕೇಳಿದರೆ, ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ, ತಮಗೂ ಒಂದು ಪ್ರತಿ ಬೇಕೆನ್ನುತ್ತಾರೆ. ಎಷ್ಟೋ ಸಲ ಅವರ ಬಳಿಯೇ ಅದು ಇರುವುದಿಲ್ಲ.

ಈ ಗೀಳಿನವರು ಬದುಕಿರುವಾಗಲೇ ಮಾಡಬಹುದಾದದ್ದು ಬಹಳವಿದೆ, ಅದೇನೂ ಕಷ್ಟದ್ದಲ್ಲ. ಒಂದು ಹಾಳೆ ತೆಗೆದುಕೊಂಡು, ಮನೆಯವರಿಗೆ ಅರ್ಥವಾಗುವ ಕನ್ನಡದಲ್ಲಿ, ಯಾವುದು ಏನು, ಯಾವುದಕ್ಕೆ ಎಷ್ಟು ವೋಲ್ಟು, ಯಾವುದು ಹೋದರೂ ಪರವಾಗಿಲ್ಲ, ಯಾವುದನ್ನು ಯಾರನ್ನು ಕೇಳದೆ ಕೊಡಬಾರದು ಎಂದು ಬರೆದು ಯಂತ್ರದ ಮುಚ್ಚಳದ ಒಳಗೆ ಅಂಟಿಸಬೇಕು. ಕೊಂಡ ಬೆಲೆಯನ್ನು ಹೆಂಡತಿಗೆ ಹೇಳದೆ ಮುಚ್ಚಿಟ್ಟ ಗಂಡಂದಿರು ಬಹಳ. ಆ ಗುಟ್ಟಿನಿಂದ ಕೊನೆಗೆ ನಷ್ಟವಾಗುವುದು ಆ ಹೆಂಡತಿಗೇ, ಸಾವಿರಾರು ರೂಪಾಯಿಯದ್ದನ್ನು ಆಕೆ ಇನ್ನೂರಕ್ಕೆ ಕೊಟ್ಟುಬಿಡುತ್ತಾಳೆ. ಈಗಿನವರ ಸಂಗೀತ ಹಾರ್ಡ್ ಡಿಸ್ಕಿನಲ್ಲಿದ್ದರೆ ಪಾಸ್‌ವರ್ಡನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಟೇಪನ್ನು ಅವರ ಕೈಯಿಂದಲೇ ಹಾಕಿಸಬೇಕು. ಮಾವ ನಮ್ಮನ್ನು ಯಂತ್ರ ಮುಟ್ಟಲು ಬಿಟ್ಟದ್ದಿಲ್ಲ. ಅವರ ಮೇಲೆ ನನಗಿರುವ ಒಂದೇ ದೂರು ಅದು.

ಮಾವನ ಟೇಪುಗಳ ಕತೆ ಹೇಳುತ್ತೇನೆ. ಒಟ್ಟು 61 ಸ್ಪೂಲು. ಜತೆಗೊಂದು ಉದ್ದನೆಯ ಲೆಕ್ಕದ ಪುಸ್ತಕ. ಅದರಲ್ಲಿ ಪ್ರತಿ ಸ್ಪೂಲಿನ ನಂಬರು, ತಾರೀಕು, ರಾಗ, ಕೃತಿ, ತನಿ ಎಷ್ಟು ನಿಮಿಷ, ಎಲ್ಲ ಹಸಿರು ಶಾಯಿಯಲ್ಲಿ. ಮೊದಲ ಹನ್ನೊಂದು ನಂಬರಿನ ಪಕ್ಕ ಮಾತ್ರ ಒಂದು ಸಣ್ಣ ಸೊನ್ನೆ ಇತ್ತು. ಅದೇನೆಂದು ತಿಳಿಯಲಿಲ್ಲ. ಸುಟ್ಟ ಯಂತ್ರದ ಟ್ರಾನ್ಸ್‌ಫಾರ್ಮರನ್ನು ಮರುಸುತ್ತಿಸಬಹುದಿತ್ತು, ಆದರೆ ಮೋಟಾರೂ ಹೋಗಿತ್ತು. ವರ್ಷಗಟ್ಟಲೆ ಹುಡುಕಿದ ಮೇಲೆ ಮೈಸೂರಿನಲ್ಲಿ ಓಡುವ ಯಂತ್ರ ಇಟ್ಟುಕೊಂಡವರೊಬ್ಬರು ಸಿಕ್ಕರು. ನಾನು ಸ್ಪೂಲುಗಳನ್ನು ಕಾರಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೋದೆ.

ಮೊದಲ ಸ್ಪೂಲು ಹಾಕಿದಾಗ ನನ್ನ ಎದೆ ಕುಸಿಯಿತು. ಹಾಡು ಕೀರಲಾಗಿ, ಅವಸರವಾಗಿ, ಮೃದಂಗ ಡಬ್ಬ ಬಡಿದಂತೆ. ಒಂದು ಮನೆಯ ಶ್ರುತಿಯಲ್ಲಿ ಹಾಡುವ ಗಂಡುಗಂಟಲು ಎರಡೂವರೆ ಮನೆಗೆ ಏರಿತ್ತು. ಹನ್ನೊಂದರ ತನಕ ಹೀಗೆಯೇ. ಹನ್ನೆರಡನೆಯದು ಹಾಕಿದರೆ ಎಲ್ಲ ಸರಿ. ಯಂತ್ರದ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಮಾವ ಅಮೆರಿಕದಿಂದ ತಂದದ್ದು ಅಂದಿರಲ್ಲವೇ?" ಎಂದು ಕೇಳಿದರು. ಅಲ್ಲಿಯ ಕರೆಂಟು ಸೆಕೆಂಡಿಗೆ 60 ಆವರ್ತದ್ದು, ನಮ್ಮದು 50. ಆ ಕಬ್ಬಿಣದ ಡಬ್ಬಿ ವೋಲ್ಟೇಜು ಇಳಿಸೀತು, ಆವರ್ತವನ್ನು ಬದಲಿಸಲಾರದು. ಆವರ್ತಕ್ಕೆ ತಕ್ಕಂತೆ ತಿರುಗುವ ಅಲ್ಲಿಯ ಮೋಟಾರು ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಷ್ಟೇ ತಿರುಗುತ್ತದೆ. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ಯಂತ್ರದಲ್ಲಿ ಹಾಕಿದರೆ ಓಡುತ್ತದೆ. "ಹನ್ನೊಂದು ಆದ ಮೇಲೆ ಅವರಿಗೆ ಗೊತ್ತಾಗಿ ಪುಲ್ಲಿ ಬದಲಿಸಿದ್ದಾರೆ" ಅಂದರು.

ವಾಪಸು ಬಂದು ಅತ್ತೆಗೆ ಹೇಳಿದೆ. ಅವರಿಗೆ ನೆನಪಿತ್ತು. "ಹೌದು ಕಣೋ, ಯಾರದೋ ಟೇಪು ತಂದು ಹಾಕಿದಾಗ ಹೆಂಗಸಿನ ದನಿ ಗಂಡಸಿನ ದನಿ ಆಗಿಬಿಡ್ತು. ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಕಲಾಸಿಪಾಳ್ಯಕ್ಕೆ ಹೋಗಿ ಲೇತಿನಲ್ಲಿ ಏನೋ ಕಡೆಸಿಕೊಂಡು ಬಂದ್ರು." ಎದ್ದು ಹೋಗಿ ತಮ್ಮ ಹೊಲಿಗೆಯ ಡಬ್ಬಿ ತಂದರು. ಗುಂಡಿ, ಹುಕ್ಕು, ದಾರದುಂಡೆಗಳ ಅಡಿಯಲ್ಲಿ ಬೆರಳುಗುರಿನಷ್ಟು ಅಗಲದ ಒಂದು ಹಿತ್ತಾಳೆ ಪುಲ್ಲಿ, ಬಸ್ ಟಿಕೆಟ್ಟಿನ ಗಾತ್ರದ ಕಾಗದದಲ್ಲಿ ಸುತ್ತಿ ದಾರ ಕಟ್ಟಿದ್ದು. ಎಸೆಯಬೇಡ ಎಂದಿದ್ದರಂತೆ, ಯಾಕೆಂದು ಹೇಳಿರಲಿಲ್ಲವಂತೆ. ಕಾಗದ ಬಿಚ್ಚಿದೆ. ಹಸಿರು ಶಾಯಿಯಲ್ಲಿ ಮಾವನ ಅಕ್ಷರ: "1ರಿಂದ 11ಕ್ಕೆ ಇದು."